ಜ್ವರ ಬಂದ ಡ್ರಮ್ಮು

ತೊಂಬತ್ತರ ದಶಕದಲ್ಲಿ ನಾನು ಸೇಲಂನಲ್ಲಿ, ನೇಕಾರರಿಗೆ ಬಣ್ಣದ ರಾಸಾಯನಿಕ ಮಾರುವ ಅಂಗಡಿಯೊಂದರ ಗುಮಾಸ್ತ. ನಮ್ಮ ಗೋಡೌನ್ ನೋಡಿಕೊಳ್ಳುತ್ತಿದ್ದವರು ಪೆನ್ನಾಗರಂ ಕಡೆಯ, ಕನ್ನಡ ಮಾತಿನ ಹಿರಿಯರೊಬ್ಬರು. ನೂಲಿಗೆ ಬಣ್ಣ ಹಾಕಲು ಬಳಸುವ ಹೈಡ್ರೋಸ್ ಪುಡಿ ಕಾವೇರಿದರೂ ಹೊತ್ತಿಕೊಳ್ಳುತ್ತದೆ, ನೀರು ತಾಗಿದರೂ ಹೊತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅವರು ದಿನವೂ ಮಧ್ಯಾಹ್ನ ಅದರ ಡ್ರಮ್ಮುಗಳನ್ನು ಒಂದೊಂದಾಗಿ, ಮಗುವಿನ ಹಣೆ ಮುಟ್ಟಿದಂತೆ ಕೈಯ ಹಿಂಬದಿಯಿಂದ ಮುಟ್ಟುತ್ತಿದ್ದರು. ಪ್ರತಿಯೊಂದಕ್ಕೂ “ತಣ್ಗೈತೆ” ಎಂದು ಹೇಳದೆ ಮುಂದಕ್ಕೆ ಹೋಗುತ್ತಿರಲಿಲ್ಲ. ನಾವು ಬೆನ್ನಹಿಂದೆ ನಗುತ್ತಿದ್ದೆವು.

ಒಂದು ಮೇ ತಿಂಗಳ ಮಧ್ಯಾಹ್ನ ಆ ಕೈ ಒಂದು ಡ್ರಮ್ಮಿನ ಮೇಲೆ ನಿಂತುಬಿಟ್ಟಿತು.

“ಇದುಕ್ಕೆ ಜ್ವರ ಐತೆ.”

ಕೂಲಿಯವರನ್ನು ಕರೆದು, ಅದೊಂದನ್ನೇ ಕೈಗಾಡಿಯಲ್ಲಿ ಅಂಗಳದ ಆಚೆ ತುದಿಗೆ ಸಾಗಿಸಿದರು. ಅಂಗಡಿಯ ಯಜಮಾನರು ಕೂಗಾಡಿದರು: “ಏನಯ್ಯಾ, ಒಳ್ಳೇ ಸರಕನ್ನ ಬಿಸ್ಲಿಗೆ ಹಾಕ್ತೀಯಾ? ಬಿಸಿಯಾಗಿದ್ರೆ ಒಂದು ಕೊಡ ತಣ್ಣೀರು ಉಯ್ಯಿ!”

“ನೀರು ಬ್ಯಾಡ ಮೊದ್ಲಾಳಿ. ಯಾರೂ ಅತ್ರ ಓಗಬ್ಯಾಡಿ.”

ಅರ್ಧ ಗಂಟೆಯೊಳಗೆ ಮುಚ್ಚಳ ಹಾರಿ, ಗಂಧಕದ ವಾಸನೆಯ ಹೊಗೆ ಭುಸುಗುಟ್ಟಿತು. ನಾವೆಲ್ಲ ದೂರದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಯಜಮಾನರು ಆ ಹಿರಿಯರಿಗಾಗಿ ಸುತ್ತಲೂ ನೋಡಿದರು. ಅವರು ಅಲ್ಲಿರಲಿಲ್ಲ.

ಗೋಡೌನಿನೊಳಗೆ ಮೊದಲನೆಯ ಡ್ರಮ್ಮಿನಿಂದ ಮತ್ತೆ ಶುರು ಮಾಡಿದ್ದರು.

“ತಣ್ಗೈತೆ. ತಣ್ಗೈತೆ.”