ದರ್ಭೆ ಹಾಕಿದ ಹುರುಳಿ

ಮೊನ್ನೆ ಗ್ರಹಣದ ಮರುದಿನ, ಕುಂದಾಪುರದ ಮಗಳ ಮನೆಯಲ್ಲಿ, ಒಲೆಯ ಬದಿಗಿದ್ದ ಪಾತ್ರೆಯ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟೆ. ಒಳಗಿದ್ದದ್ದು ಬೇಯಿಸಿದ ಹುರುಳಿ. ಕಟ್ಟನ್ನು ಸಾರಿಗೆ ಬಸಿದುಕೊಂಡು ಕಾಳನ್ನು ಪಲ್ಯಕ್ಕಾಯಿತೆಂದು ಬಿಟ್ಟಿದ್ದೆ. ಗ್ರಹಣ ಹಿಡಿಯುವ ಮುಂಚೆ ಉಪ್ಪಿನಕಾಯಿ, ಮೊಸರಿನ ಮೇಲೆ ಇಟ್ಟಂತೆ ಅದರ ಮೇಲೂ ದರ್ಭೆಯ ಎಳೆ ಇಟ್ಟದ್ದು ಅಭ್ಯಾಸಬಲದಿಂದ. ಆಮೇಲೆ ಮರೆತಿದ್ದೆ. ಸೆಕೆಗೆ ಕಾಳಿನ ಮೇಲೆ ತೆಳ್ಳಗೆ ಬಿಳಿಯ ಪೊರೆ ಬಂದಿತ್ತು. ವಾಸನೆ ಹುಳಿಯದ್ದಲ್ಲ. ಹಟ್ಟಿಯ ಗಂಜಳದ ಘಾಟು ಸ್ವಲ್ಪ, ಹುರಿದ ಗೇರುಬೀಜದ ಪರಿಮಳ ಸ್ವಲ್ಪ... ಚಮಚ ಎತ್ತಿದೆ. ಕಾಳಿನಿಂದ ಕಾಳಿಗೆ ಜೇಡನ ನೂಲಿನಂಥ ಎಳೆಗಳು ಎದ್ದವು. ಟೀಚರ್ ನೆನಪಾದರು. ಅವರು ತೀರಿಹೋದರೆಂಬ ಸುದ್ದಿ ಬಂದು ಆಗ ಹೆಚ್ಚು ದಿನವಾಗಿರಲಿಲ್ಲ.

ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮೈಸೂರು ಕಡೆಯವರು. ಅರುವತ್ತರ ದಶಕದ ಕೊನೆಯ ವರ್ಷಗಳಲ್ಲಿ, ಬ್ರಹ್ಮಾವರದ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದರು. ಮದುವೆಯಾಗಿರಲಿಲ್ಲ. ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ನನ್ನ ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಮನೆಯಲ್ಲಿ ಅತ್ತೆ, ನಾನು, ನನ್ನ ಮಗಳು, ಹಟ್ಟಿಯಲ್ಲಿ ಒಂದು ಎಮ್ಮೆ.

ಟೀಚರಿಗೆ ಯಾವುದನ್ನು ಕಂಡರೂ 'ಯಾಕೆ' ಎಂದು ಕೇಳದೆ ಸಮಾಧಾನವಿರಲಿಲ್ಲ. ಉದ್ದಿನ ಹಿಟ್ಟು ಮಳೆಗಾಲದಲ್ಲಿ ಯಾಕೆ ತಡವಾಗಿ ಉಬ್ಬುತ್ತದೆ, ಹುರುಳಿ ತಿಂದರೆ ಹೊಟ್ಟೆ ಯಾಕೆ ಉಬ್ಬರಿಸುತ್ತದೆ... ಅತ್ತೆ ಹಿಂದಿನಿಂದ "ಎಂತಕ್ ಟೀಚರ್" ಎಂದೇ ಹೆಸರಿಟ್ಟಿದ್ದರು. ಎದುರಿಗೆ ಮಾತ್ರ ಬಹಳ ಮರ್ಯಾದೆ.

ಆ ವರ್ಷ ನನ್ನ ಮಗಳಿಗೆ ಎರಡು ತುಂಬಿತ್ತು. ಮಳೆಗಾಲದಲ್ಲಿ ಹಿಡಿದ ಭೇದಿ ನಿಂತರೂ ಮಗು ಚೇತರಿಸಿಕೊಳ್ಳಲಿಲ್ಲ. ಕೈಕಾಲು ಕಡ್ಡಿ, ಪಾದ ಮಾತ್ರ ಊದಿಕೊಂಡಿತ್ತು. ಬೆರಳಲ್ಲಿ ಒತ್ತಿದರೆ ಬಿದ್ದ ಗುಳಿ ಬೇಗ ಮೇಲೇಳುತ್ತಿರಲಿಲ್ಲ. ತಲೆಕೂದಲು ಕೆಂಚಗಾಯಿತು. ನಗುವುದನ್ನೇ ಬಿಟ್ಟಿತ್ತು. ಕುಂದಾಪುರಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಡಾಕ್ಟರು, "ಮಗುವಿಗೆ ಸಾರ ಸಾಲದು. ಹಾಲು, ಮೊಟ್ಟೆ, ಬೇಳೆಕಾಳು ಕೊಡಿ. ಹೀಗೇ ಬಿಟ್ಟರೆ ಉಳಿಯುವುದು ಕಷ್ಟ" ಎಂದರು. ಹಾಲು ಕುಡಿಸಿದರೆ ಮತ್ತೆ ಭೇದಿ. ನಮ್ಮದು ಮೊಟ್ಟೆ ಮುಟ್ಟದ ಮನೆ. ಉಳಿದದ್ದು ಕಾಳು. ಗದ್ದೆಯಲ್ಲಿ ಬೆಳೆದ ಹುರುಳಿ ಧಾರಾಳವಿತ್ತು. ನುಣ್ಣಗೆ ಅರೆದು ಕೊಟ್ಟರೂ ಮಗುವಿನ ಹೊಟ್ಟೆ ಡೋಲಿನಂತಾಗುತ್ತಿತ್ತು. ರಚ್ಚೆ ಹಿಡಿದು ಅಳುತ್ತಿತ್ತು. ಆ ಅಳುವಿಗೆ ದನಿಯೂ ಇರುತ್ತಿರಲಿಲ್ಲ...

ಹಾಗಿರುವಾಗ ಒಂದು ಸೂರ್ಯಗ್ರಹಣ ಬಂತು. ನಮ್ಮಲ್ಲಿ ಹುರುಳಿ ಬೇಯಿಸಿದರೆ ಕಟ್ಟು ಮನೆಯವರಿಗೆ, ಬಸಿದ ಕಾಳು ಎಮ್ಮೆಗೆ. ಎಮ್ಮೆ ಆಗ ಗಬ್ಬವಾಗಿತ್ತು. ಗಬ್ಬದ ಎಮ್ಮೆ ಗ್ರಹಣ ತಾಗಿದ್ದನ್ನು ತಿನ್ನಬಾರದೆಂದು ಅತ್ತೆ ಅದರ ಕಾಳಿನ ಪಾತ್ರೆಗೂ ದರ್ಭೆ ಹಾಕಿ, ಒಲೆಯ ಬೆಚ್ಚಗಿನ ಬೂದಿಯ ಬದಿಗಿಟ್ಟು ಮುಚ್ಚಿದರು. ಗ್ರಹಣ ಬಿಟ್ಟ ಮೇಲೆ ಸ್ನಾನ, ಮನೆ ತೊಳೆಯುವುದು, ಆ ಗಡಿಬಿಡಿಯಲ್ಲಿ ಪಾತ್ರೆ ಮರೆತೇಹೋಯಿತು. ಮರುದಿನ ಮುಚ್ಚಳ ತೆಗೆದರೆ ಇದೇ ವಾಸನೆ, ಇದೇ ನೂಲು. ಟೀಚರ್ ಶಾಲೆಗೆ ಹೊರಟವರು ಮೂಗು ಅರಳಿಸಿಕೊಂಡು ಒಳಗೆ ಬಂದರು.

"ಹ್ವಾಯ್ ಟೀಚರೇ, ಅದ್ ಎಮ್ಮಿಗ್ ಇಟ್ಟದ್ದ್. ನೀವ್ ಎಂತಕ್ ಮೂಸ್ತ್ರಿ? ಹಳ್ಸಿ ಹೋಯ್ತ್, ಗೊಬ್ರದ್ ಗುಂಡಿಗ್ ಹಾಕುದೇ ಸೈ" ಎಂದರು ಅತ್ತೆ.

"ಒಂದ್ನಿಮಿಷ ಇರಿ ಅಮ್ಮ. ಹಳಸಿದ್ರೆ ಹುಳಿ ವಾಸನೆ ಬರಬೇಕಿತ್ತು. ಇದು ಹುಳಿ ಇಲ್ವಲ್ಲ?"

ಟೀಚರ್ ಒಂದು ಕಾಳನ್ನು ಬೆರಳಲ್ಲಿ ಒತ್ತಿದರು. ಬೆಣ್ಣೆಯಂತೆ ಹಿಸುಕಿಹೋಯಿತು. ಹಿಂದಿನ ದಿನ ಅದೇ ಕಾಳು ಬೆಂದಿದ್ದರೂ ಗಟ್ಟಿಯಾಗಿತ್ತು. ಅವರ ಮುಖ ನೋಡಬೇಕಿತ್ತು... ಶಾಲೆಯ ಗಂಟೆ ಹೊಡೆದದ್ದೂ ಅವರಿಗೆ ಕೇಳಿಸಲಿಲ್ಲ.

ಆ ಸಂಜೆಯೇ ಹೊಸದಾಗಿ ಹುರುಳಿ ಬೇಯಿಸಿದರು. ಒಂದು ಕುಡಿಕೆಗೆ ದರ್ಭೆ ಹಾಕಿದರು, ಇನ್ನೊಂದಕ್ಕೆ ಹಾಕಲಿಲ್ಲ. ಎರಡನ್ನೂ ಬೂದಿಯ ಬದಿಗಿಟ್ಟರು. ದರ್ಭೆ ಹಾಕದ್ದು ಹುಳಿತು ನಾರಿತು. ಹಾಕಿದ್ದು ನೂಲೆದ್ದಿತು. ಮತ್ತೆ ಮಾಡಿದರೂ ಹಾಗೇ. ಅತ್ತೆಗೆ ಇದು ದರ್ಭೆಯ ಮಹಿಮೆ, ಅದರಲ್ಲಿ ಆಶ್ಚರ್ಯವೇ ಇರಲಿಲ್ಲ. ಟೀಚರ್ ನನ್ನನ್ನು ಶಾಲೆಗೆ ಕರೆದೊಯ್ದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಿಸಿದರು. ಮೊದಲು ನನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ನುಚ್ಚಕ್ಕಿಯಂಥ ಪುಟ್ಟ ಕಡ್ಡಿಗಳು, ಕೆಲವು ಒಂದರ ಬಾಲಕ್ಕೊಂದು ಅಂಟಿಕೊಂಡವು.

"ಇವು ಹುಲ್ಲಿನ ಮೇಲೆ ಇರೋ ಬ್ಯಾಕ್ಟೀರಿಯಾ ಇರಬೇಕು" ಎಂದರು. "ಇವು ಒಂದು ರಸ ಬಿಡುತ್ತವೆ, ಕಿಣ್ವ ಅಂತ. ನಮ್ಮ ಎಂಜಲಲ್ಲೂ ಇರುತ್ತೆ ಅಂಥದ್ದು. ಆ ರಸ ಕಾಳನ್ನ ಒಡೆದು ಚೂರು ಚೂರು ಮಾಡುತ್ತೆ. ಪಾಪುವಿನ ಹೊಟ್ಟೆ ಮಾಡಬೇಕಾದ ಕೆಲಸಾನ ಇವು ಪಾತ್ರೆಯಲ್ಲೇ ಮಾಡಿಟ್ಟಿವೆಯೇನೋ..."

'ಪಾಪುವಿನ' ಎಂದಾಗ ನಾನು ತಲೆಯೆತ್ತಿದೆ. ಅವರು ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರು.

ಮಗುವಿಗೆ ಕೊಡುವ ಮೊದಲು ತಾವೇ ತಿಂದರು. ನೂಲೆದ್ದ ಕಾಳನ್ನು ಚೆನ್ನಾಗಿ ಕುದಿಸಿ, ಉಪ್ಪು ಹಾಕಿ, ಗಂಜಿಯ ಜೊತೆ, ವಾರಗಟ್ಟಲೆ. ಅತ್ತೆ ಬಾಗಿಲಲ್ಲಿ ನಿಂತು ನನಗೆ ಕೇಳಿಸುವಂತೆ, "ಇವ್ರಿಗ್ ಮರ್ಲ್ ಹಿಡಿತಾ ಎಂತ ಹೆಣ್ಣೇ? ಎಮ್ಮಿ ಪಾಲ್ ಕಸ್ಕಂಡ್ ತಿಂತ್ರಲೆ!" ಎಂದರು.

"ದರ್ಭೆ ಹಾಕಿದ್ದಕ್ಕೆ ಮೈಲಿಗೆ ಇಲ್ಲ ಅಂದೋರು ನೀವೇ ಅಲ್ವಾ ಅಮ್ಮ?"

"ಮೈಲ್ಗಿ ಇಲ್ಲ, ಹೌದ್. ಹಳ್ಸುದಿಲ್ಲ ಅಂತ ನಾ ಯಾವಾಗ ಹೇಳಿದೆ?"

ಆದರೆ ಕೊನೆಗೆ ಒಪ್ಪಿದವರೂ ಅತ್ತೆಯೇ. ಒಂದು ಬೆಳಿಗ್ಗೆ, ಮಡಿಲಲ್ಲಿ ಮಲಗಿದ್ದ ಮೊಮ್ಮಗಳ ಪಾದ ಒತ್ತಿ, ಬಿದ್ದ ಗುಳಿಯನ್ನೇ ಬಹಳ ಹೊತ್ತು ನೋಡಿ, "ಟೀಚರಿಗ್ ಎಂತದೂ ಆಯ್ಲಿಲ್ಲ ಅಲ್ದಾ? ಹಂಗಾರೆ ಶಿಶುಗ್ ಒಂಚೂರ್ ಕೊಡ್ಲಕ್" ಎಂದರು. ಟೀಚರ್ ಡಾಕ್ಟರನ್ನು ಕೇಳದೆ ಕೊಡಬಾರದೆಂದು ಹಟ ಹಿಡಿದರು. ಕಾಳಿನ ಕುಡಿಕೆ ಹಿಡಿದುಕೊಂಡು ನಮ್ಮೊಂದಿಗೆ ಬಸ್ಸು ಹತ್ತಿದರು. ಡಾಕ್ಟರು ವಾಸನೆಗೆ ಮುಖ ಸಿಂಡರಿಸಿದರೂ, "ಕುದಿಸಿ, ಒಂದೊಂದೇ ಚಮಚ ಕೊಟ್ಟು ನೋಡಿ" ಎಂದರು. ಹೊಟ್ಟೆಹುಳಕ್ಕೆ ಒಂದು ಔಷಧಿಯನ್ನೂ ಬರೆದುಕೊಟ್ಟರು.

ಮೊದಲ ಚಮಚ ಗಂಜಿಯಲ್ಲಿ ಕಲಸಿ ಕೊಟ್ಟು, ದಿನವಿಡೀ ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತೆ. ಉಬ್ಬಲಿಲ್ಲ. ಅಳಲಿಲ್ಲ. ಮರುದಿನ ಎರಡು ಚಮಚ. ಒಂದೇ ಸಲಕ್ಕೆ ಏನೂ ಆಗಲಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ನವರಾತ್ರಿ ಕಳೆಯುವ ಹೊತ್ತಿಗೆ ಪಾದದ ಊತ ಇಳಿದಿತ್ತು. ಒಂದು ದಿನ ಎಮ್ಮೆ ಸೀನಿದ್ದಕ್ಕೆ ಮಗಳು ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಅತ್ತೆ ಹಟ್ಟಿಯಲ್ಲೇ ಕುಳಿತು ಸೆರಗು ಮುಖಕ್ಕೆ ಹಿಡಿದರು.

ಒಂದು ಸಂಜೆ ಟೀಚರ್ ಜಗಲಿಯಲ್ಲಿ ಕುಳಿತು ನಿಧಾನವಾಗಿ ಹೇಳಿದರು: "ಹುಳದ ಔಷಧಿ, ಈ ಕಾಳು, ಎರಡನ್ನೂ ಒಟ್ಟಿಗೇ ಶುರುಮಾಡಿಬಿಟ್ವಿ. ಯಾವುದರಿಂದ ವಾಸಿಯಾಯ್ತು ಅಂತ ಹೇಳೋಕಾಗಲ್ಲ. ಸ್ವಲ್ಪ ದಿನ ಕಾಳು ನಿಲ್ಲಿಸಿ ನೋಡಿದ್ರೆ..."

ಮಗಳು ನನ್ನ ತೊಡೆಯ ಮೇಲಿದ್ದಳು. ನನಗೆ ಗೊತ್ತಿಲ್ಲದೆಯೇ ಅವಳನ್ನು ಎದೆಗೆ ಒತ್ತಿಕೊಂಡಿದ್ದೆ. ಟೀಚರ್ ನನ್ನ ಕೈಯನ್ನು ನೋಡಿದರು. ಆಮೇಲೆ ಮುಖವನ್ನು.

"ಬೇಡ ಬಿಡಿ," ಎಂದರು. "ಗೊತ್ತಾಗದೆ ಇದ್ರೂ ಪರವಾಗಿಲ್ಲ."

ಅದು ಎಂಥ ಮಾತೆಂದು ಆಗ ನನಗೆ ತಿಳಿಯಲಿಲ್ಲ. ಉದ್ದಿನ ಹಿಟ್ಟು ಉಬ್ಬುವುದು ಒಂದು ಗಂಟೆ ತಡವಾದರೂ ಕಾರಣ ತಿಳಿಯದೆ ಊಟ ಮಾಡದ ಹೆಂಗಸು ಅವರು. ಎಲ್ಲಕ್ಕಿಂತ ದೊಡ್ಡ 'ಯಾಕೆ'ಯನ್ನು ನನ್ನ ಮಗಳಿಗಾಗಿ ಹಾಗೇ ಬಿಟ್ಟುಕೊಟ್ಟರು. ಮತ್ತೆಂದೂ ಆ ಮಾತೆತ್ತಲಿಲ್ಲ. ದಿನಾ ಬೆಳಿಗ್ಗೆ ತಾವೇ ಕುಡಿಕೆಯ ಮುಚ್ಚಳ ತೆಗೆದು, "ಬನ್ನಿ, ನೂಲು ಬಂದಿದೆ" ಎಂದು ಕರೆಯುತ್ತಿದ್ದರು.

ಎರಡು ವರ್ಷದ ಮೇಲೆ ಅವರಿಗೆ ಬೈಂದೂರಿಗೆ ವರ್ಗವಾಯಿತು. ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಡುಗೆಮನೆಯಲ್ಲಿ ಸಾಲು ಕುಡಿಕೆಗಳು: ಉದ್ದು, ಅಲಸಂಡೆ, ಹೆಸರು. ಕೆಲವಕ್ಕೆ ದರ್ಭೆ, ಕೆಲವಕ್ಕೆ ಬೈಹುಲ್ಲು. ಮಗಳ ಪಾದವನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರು. ಗುಳಿ ಬೀಳಲಿಲ್ಲ. ಅವಳ ಕೈಗೆ ಕಲ್ಲುಸಕ್ಕರೆ ಹಾಕಿದರು. ಆಮೇಲೆ ತಮ್ಮ ಊರಿನ ಕಡೆ ಹೋದರು. ಹಬ್ಬಕ್ಕೊಂದು ಕಾರ್ಡು ಬರುತ್ತಿತ್ತು, ನಂತರ ಅದೂ...

ಮೊನ್ನೆ ನಾನು ಚಮಚ ಹಿಡಿದು ನಿಂತಿದ್ದಾಗ ಮಗಳು ಬಂದು ನನ್ನ ಪಕ್ಕದಲ್ಲಿ ನಿಂತಳು. ಅವಳ ಕೂದಲು ಈಗ ಬೆಳ್ಳಗಾಗಿದೆ. ನೂಲನ್ನು ಬೆರಳಿಗೆ ಸುತ್ತಿಕೊಂಡು, "ಇದೆಂತ ಅಮ್ಮಾ, ಹಾಳಾಯ್ತಾ?" ಎಂದಳು. ಇಲ್ಲವೆಂದೆ. ಕುದಿಸಿ, ಉಪ್ಪು ಹಾಕಿ ಗಂಜಿಗೆ ಬಡಿಸಿದೆ. ಅವಳಿಗೆ ಆ ರುಚಿಯ ನೆನಪಿಲ್ಲ. ಆದರೂ ಎರಡನೆಯ ಸಲ ಹಾಕಿಸಿಕೊಂಡಳು.

ಆ ಸಂಜೆ ಮತ್ತೆ ಹುರುಳಿ ಬೇಯಿಸಿ ಎರಡು ಬಟ್ಟಲಿಗೆ ಹಾಕಿದೆ. ಒಂದಕ್ಕೆ ದರ್ಭೆ, ಒಂದಕ್ಕೆ ಇಲ್ಲ. ಬೆಳಿಗ್ಗೆ ಎದ್ದು ಮೊದಲು ಮುಚ್ಚಳ ತೆಗೆದೆ. ನೂಲು ಬಂದಿತ್ತು. "ಬನ್ನಿ ಟೀಚರ್" ಎಂದು ಕರೆಯಲು ಬಾಯಿ ತೆರೆದಿದ್ದೆ...