ಅಗಲ ಟಿ.ವಿ.ಯಲ್ಲಿ ದಪ್ಪಗಾದ ಕಳಸಗಿತ್ತಿ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅವರ ಟಿ.ವಿ.ಯಲ್ಲಿರುವವರ ಮುಖದ ಆಕಾರ. ಅಡ್ಡಡ್ಡ ಎಳೆದ ಹಾಗಿದ್ದರೆ ಕೊಟ್ಟ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ, ರಿಮೋಟ್ ಎಲ್ಲಿದೆ ಎಂದು ಕೇಳಿಯೇಬಿಡುತ್ತೇನೆ. ಇದಕ್ಕಾಗಿ ನೆಂಟರಲ್ಲಿ ನನ್ನನ್ನು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ವರ್ಷಗಟ್ಟಲೆ ಮದುವೆ ವಿಡಿಯೋ ಎಡಿಟ್ ಮಾಡಿದವಳ ಕಣ್ಣು ಹೀಗೆ ಕೆಟ್ಟುಹೋಗಿರುತ್ತದೆ.

ನನ್ನ ಎಡಿಟಿಂಗ್ ರೂಮು ಬನಶಂಕರಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿತ್ತು. ಕೆಳಗೆ ರಾಗಿ ಬೀಸಲು ಶುರುಮಾಡಿದರೆ ಮೇಲೆ ಮಾನಿಟರ್ ಸಣ್ಣಗೆ ನಡುಗುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹೊಸ ಕ್ಯಾಮೆರಾಗಳಲ್ಲಿ ಅಗಲ ಚಿತ್ರ ತೆಗೆಯುವ ಗುಂಡಿಯೊಂದು ಬಂದಿತ್ತು. ವಿಡಿಯೋದವರು ಅದನ್ನೊತ್ತಿ ಮದುವೆ ತೆಗೆಯುತ್ತಿದ್ದರು. ಎಡಿಟ್ ಮಾಡುವವರು ಮಾತ್ರ ಪ್ರಾಜೆಕ್ಟ್ ಶುರುಮಾಡುವಾಗ ಹಳೆಯ ರೂಢಿಯಂತೆ ಚೌಕ ಟಿ.ವಿ.ಯ ಅಳತೆಯನ್ನೇ ಇಡುತ್ತಿದ್ದರು. ಅಗಲದ ಚಿತ್ರವನ್ನು ಚೌಕದೊಳಗೆ ತುರುಕಿದರೆ ಎರಡೂ ಪಕ್ಕ ಒತ್ತಿಕೊಂಡು, ಮದುವೆಗೆ ಬಂದವರೆಲ್ಲ ತೆಳ್ಳಗೆ, ಉದ್ದಕ್ಕೆ ಕಾಣುತ್ತಾರೆ. ಇಂಥ ತಪ್ಪು ಅಳತೆಗಳನ್ನು ಸರಿಮಾಡುವುದರಲ್ಲಿ ನನಗೆ ಸ್ವಲ್ಪ ಹೆಸರಿತ್ತು. ಆದರೆ ಮದುವೆ ಮನೆಯವರು ತಾವಾಗಿ ದೂರು ತರುತ್ತಿದ್ದದ್ದು ಅಪರೂಪ. ತೆಳ್ಳಗೆ ಕಂಡವರು ಯಾಕೆ ದೂರುತ್ತಾರೆ?

ದೂರು ತಂದವರು ಬಿಳೇಕಹಳ್ಳಿಯ ಒಬ್ಬ ಯಜಮಾನರು. ಹಿಂದೆ ಅಲ್ಲಿ ರಾಗಿ, ಸೊಪ್ಪು ಬೆಳೆಯುತ್ತಿದ್ದವರು, ಈಗ ಅದೇ ಜಾಗದಲ್ಲಿ ಮಹಡಿ ಮೇಲೆ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಜೊತೆಯಲ್ಲಿ ಅವರ ಎರಡನೇ ಮಗಳಿದ್ದಳು. ಹಿರಿಯ ಮಗಳ ಮದುವೆಯ ಡಿ.ವಿ.ಡಿ. ಕೈಯಲ್ಲಿತ್ತು. ಟಿ.ವಿ. ಅಂಗಡಿಯವನು ಡಿ.ವಿ.ಡಿ. ಸರಿಯಿಲ್ಲ ಅಂದಿದ್ದನಂತೆ. ಎಡಿಟ್ ಮಾಡಿದ ಸ್ಟುಡಿಯೋದವನು ಟಿ.ವಿ.ಯೇ ಸರಿಯಿಲ್ಲ ಎಂದು ಹೇಳಿ, ಮದುವೆಯ ಹಾರ್ಡ್ ಡಿಸ್ಕನ್ನೂ ಕೊಟ್ಟು ಕೈತೊಳೆದುಕೊಂಡಿದ್ದ.

"ಹೊಸ ಟೀವಿ ತಂದಾಗ್ಲಿಂದ ನನ್ ಮಗ್ಳು ದಪ್ಪ ಆಗೋಗವ್ಳೆ ಮೇಡಂ," ಅಂದರು ಯಜಮಾನರು. ಮಗಳು ಅವರ ಪಕ್ಕದ ಸ್ಟೂಲಿನಲ್ಲೇ ಕೂತಿದ್ದಳು.

ವಿಷಯ ಅಷ್ಟು ಸಣ್ಣದಾಗಿರಲಿಲ್ಲ. ನಮ್ಮಲ್ಲಿ ಮದುವೆಯ ಡಿ.ವಿ.ಡಿ. ಮದುವೆಯಾದವರ ಮನೆಯಲ್ಲಿ ಇರುವುದು ಕಡಿಮೆ, ನೆಂಟರ ಮನೆಗಳನ್ನು ಸುತ್ತುವುದೇ ಹೆಚ್ಚು. ಗಂಡು ಮಕ್ಕಳಿರುವ ತಾಯಂದಿರು ತಾಳಿ ಕಟ್ಟುವುದನ್ನು ಓಡಿಸಿಬಿಟ್ಟು, ಮದುಮಗಳ ಅಕ್ಕಪಕ್ಕ ನಿಂತವರು, ಊಟಕ್ಕೆ ಕೂತವರು ಬಂದಾಗ ನಿಲ್ಲಿಸಿ ನೋಡುತ್ತಾರೆ. ಯಾರ ಮಗಳು, ಏನು ಓದಿದ್ದಾಳೆ ಎಂಬ ವಿಚಾರಣೆ ಅಲ್ಲಿಂದಲೇ ಶುರು. ಈ ಹುಡುಗಿ ಅಕ್ಕನ ಮದುವೆಯಲ್ಲಿ ಕಳಸಗಿತ್ತಿ, ಮದುಮಗಳ ಪಕ್ಕದಲ್ಲೇ ಕಳಸ ಹಿಡಿದು ನಿಂತವಳು. ತಲಘಟ್ಟಪುರದ ಒಬ್ಬ ತಾಯಿ ತಮ್ಮ ಮನೆಯ ಹಳೇ ಟಿ.ವಿ.ಯಲ್ಲಿ ಅವಳನ್ನು ನೋಡಿ ಮೆಚ್ಚಿ, ಮಗನಿಗೆ ಕೇಳಿದ್ದರು. ಬರುವ ಭಾನುವಾರ ಹೆಣ್ಣು ನೋಡಲು ಬರುವವರಿದ್ದರು. ಬರುವವರ ಕಣ್ಣಿಗೆ ಬೀಳಲಿ ಎಂದೇ ಯಜಮಾನರು ಹಾಲಿಗೆ ಅಗಲ ಟಿ.ವಿ. ತಂದಿದ್ದರು. ತಂದು ಮದುವೆ ಹಾಕಿ ನೋಡಿದರೆ ಮಗಳು ಅಗಲವಾಗಿದ್ದಳು.

ಅಳತೆ ಪರೀಕ್ಷೆಗೆ ನನ್ನದೊಂದು ಪದ್ಧತಿಯಿತ್ತು. ಮುಖ ನೋಡಬಾರದು, ದುಂಡಗಿರುವ ವಸ್ತು ಹುಡುಕಬೇಕು. ಮದುವೆ ಮನೆಯಲ್ಲಿ ದುಂಡಗಿರುವುದಕ್ಕೇನು ಬರವೇ? ಧಾರೆಯ ತಟ್ಟೆಯನ್ನು ಮೇಲಿನಿಂದ ತೆಗೆದ ಚಿತ್ರ ನಿಲ್ಲಿಸಿ, ಸ್ಕೂಲ್ ಸ್ಕೇಲನ್ನು ಗಾಜಿಗೆ ಹಿಡಿದೆ. ತಟ್ಟೆ ಮೊಟ್ಟೆಯ ಹಾಗೆ ನಿಂತಿತ್ತು. ಇಷ್ಟು ದಿನ ಅವರು ನೋಡಿದ ತೆಳ್ಳಗಿನ ಮದುವೆಯೇ ತಪ್ಪು, ಹೊಸ ಟಿ.ವಿ. ಚಿತ್ರವನ್ನು ಅಗಲಕ್ಕೆ ಎಳೆದು ಆಕಸ್ಮಿಕವಾಗಿ ನಿಜ ತೋರಿಸುತ್ತಿದೆ ಎಂದು ಬಿಡಿಸಿ ಹೇಳಿದೆ.

ಯಜಮಾನರು ಗಡ್ಡ ಕೆರೆದುಕೊಂಡರು. ಆಮೇಲೆ, ಭಾನುವಾರ ಕಳೆಯುವವರೆಗೂ ಹಳೆಯದೇ ಇರಲಿ, ಹೊಸ ಟಿ.ವಿ.ಯಲ್ಲೂ ಮಗಳು ಸಣ್ಣಗೆ ಕಾಣುವಂತೆ ಮಾಡಿಕೊಡಿ ಎಂದರು. ನನಗೆ ಸಿಟ್ಟು ಬಂತು. ಹುಡುಗಿ ಎದುರಿಗೇ ನಿಂತಿರುವಾಗ ಟಿ.ವಿ. ನೋಡುವವರು ಯಾರು ಸಾರ್ ಎಂದು ಕೇಳಿದೆ. ಮನೆಯವರೆಗೂ ಬಂದವರು, ಸಿಹಿ ತಿಂದವರು, ಅಷ್ಟು ಸುಲಭವಾಗಿ ಬೇಡ ಅನ್ನುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಹುಡುಗಿ ಆಗ ಬಾಯಿಬಿಟ್ಟಳು. "ಹೋದ್ಸಲ ಬಂದೋರು ಬೇಡ ಅಂದ್ರಲ್ಲಪ್ಪ. ಕೇಸರಿಬಾತ್ ತಿಂದು, ನನ್ನ ಮೇಲಿಂದ ಕೆಳಗೆ ನೋಡಿ, ಫೋಟೋಲಿ ಸಣ್ಣ ಕಾಣ್ತಿದ್ಲು ಅಂತ ನನ್ನೆದುರಿಗೇ ಅಂದ್ರಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಸರಿ ಮಾಡ್ಕೊಡಿ ಅಕ್ಕ. ಅದನ್ನೇ ತಲಘಟ್ಟಪುರಕ್ಕೆ ಕಳಿಸ್ತೀವಿ. ಬೇಡ ಅನ್ನೋದಾದ್ರೆ ಅಲ್ಲೇ ಕೂತ್ಕೊಂಡು ಅನ್ನಲಿ."

ಯಜಮಾನರು ಹಾರ್ಡ್ ಡಿಸ್ಕನ್ನು ನನ್ನ ಕಡೆ ಸರಿಸಿದರು.

ಪ್ರಾಜೆಕ್ಟಿನ ಅಳತೆ ಅಗಲಕ್ಕೆ ಬದಲಾಯಿಸಿದೆ. ಒಂದೊಂದು ತುಣುಕಿಗೂ ಇದು ಅಗಲದ ಚಿತ್ರ ಎಂದು ಗುರುತು ಕೊಟ್ಟೆ. ಆ ಸ್ಟುಡಿಯೋದವನು ಸಿಕ್ಕಸಿಕ್ಕಲ್ಲಿ ಹಾಕಿದ್ದ ಗುಲಾಬಿ ಹೃದಯಗಳು ಈಗ ಕುಂಬಳಕಾಯಿಗಳಾದವು, ಅವನ್ನು ಒಂದೊಂದಾಗಿ ಮತ್ತೆ ಕೂರಿಸಬೇಕಾಯಿತು. ಅಪ್ಪ ಮಗಳಿಬ್ಬರೂ ಎದ್ದು ಹೋಗದೆ ನೋಡುತ್ತಿದ್ದರು. ರಿಸೆಪ್ಶನ್ ಬಂತು. ಉಡುಗೊರೆ ಹಿಡಿದು ವೇದಿಕೆ ಹತ್ತುವವರ ಸಾಲಿನಲ್ಲಿ ಕೋಟು ಹಾಕಿದ್ದ, ಎತ್ತರಕ್ಕೆ ಕಾಣುವ ಒಬ್ಬ ಹುಡುಗನಿದ್ದ. ಅಳತೆ ಸರಿಮಾಡಿದ ಕೂಡಲೇ ಅವನು ಅಡ್ಡಕ್ಕೆ ಹರಡಿಕೊಂಡು ಕುಳ್ಳಗೆ ಕಂಡ.

ಯಜಮಾನರು ಕನ್ನಡಕ ಏರಿಸಿ ಮುಂದೆ ಬಗ್ಗಿದರು. ಅದು ತಲಘಟ್ಟಪುರದ ಹುಡುಗ. ಮದುವೆಯ ಗದ್ದಲದಲ್ಲಿ ಯಾರೂ ಅವನನ್ನು ಗಮನಿಸಿರಲಿಲ್ಲ, ಸಂಬಂಧದ ಮಾತು ಬಂದ ಮೇಲೆ ಹಳೇ ಟಿ.ವಿ.ಯಲ್ಲಿ ಡಿ.ವಿ.ಡಿ. ಹಾಕಿ ಹುಡುಕಿ ನೋಡಿದ್ದರು. ಎಂಥ ಆಳು, ಎಂಥ ಎತ್ತರ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದರು. ಎರಡೂ ಕಡೆಯವರು ಒಂದೇ ತಪ್ಪು ಅಳತೆಯನ್ನು ನಂಬಿಕೊಂಡು ಹೊರಟಿದ್ದರು. ಹುಡುಗಿ ವೇಲನ್ನು ಬಾಯಿಗೆ ಅಡ್ಡ ಹಿಡಿದು ತಡೆದುಕೊಂಡಳು, ಆಗದೆ ಗಟ್ಟಿಯಾಗಿ ನಕ್ಕುಬಿಟ್ಟಳು. ಅವಳ ನಗು ನಿಲ್ಲುವವರೆಗೆ ಕಾದ ಯಜಮಾನರು, ಹುಡುಗನೊಬ್ಬನನ್ನು ಮಾತ್ರ ಹಾಗೇ ಉದ್ದ ಬಿಡಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಒಂದೇ ಚೌಕಟ್ಟಿನಲ್ಲಿರುವವರೆಲ್ಲ ಒಟ್ಟಿಗೇ ಕುಗ್ಗುತ್ತಾರೆ, ಒಟ್ಟಿಗೇ ಹಿಗ್ಗುತ್ತಾರೆ ಎಂದೆ.

ಹೊಸ ಡಿ.ವಿ.ಡಿ. ತಲಘಟ್ಟಪುರಕ್ಕೆ ಹೋಯಿತು. ಮೊದಲಿನದರಲ್ಲಿ ಅಳತೆ ತಪ್ಪಿತ್ತು, ಇದು ಸರಿಯಾದದ್ದು ಎಂಬ ಮಾತನ್ನೂ ಜೊತೆಗೆ ಹೇಳಿ ಕಳಿಸಿದರು. ನನ್ನ ಮನೆಯ ಹುಡುಗಿಯಲ್ಲ, ಆದರೂ ಆ ವಾರವೆಲ್ಲ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅವರು ಬೇಡ ಅಂದುಬಿಟ್ಟರೆ ಇವಳು ಹೇಗೆ ತಡೆದುಕೊಳ್ಳುತ್ತಾಳೋ ಎಂದು ಯೋಚಿಸುತ್ತ, ಬೇರೆ ಯಾರದೋ ನಾಮಕರಣದಲ್ಲಿ ತೊಟ್ಟಿಲ ಹಾಡನ್ನೇ ಕತ್ತರಿಸಿ ಹಾಕಿದ್ದೆ.

ಭಾನುವಾರ ಕಳೆದ ಮೇಲೆ ಹುಡುಗಿ ಒಬ್ಬಳೇ ಬಂದಳು, ನೆಂಟರಿಗೆ ಹಂಚಲು ಮಾಡಿಟ್ಟಿದ್ದ ಉಳಿದ ಡಿ.ವಿ.ಡಿ.ಗಳನ್ನು ತೆಗೆದುಕೊಂಡು ಹೋಗಲು. ಬಂದಿದ್ದರು, ತಾಂಬೂಲವೂ ಆಯಿತು ಎಂದಳು. ಹುಡುಗ ಪಾಪ ಸೋಫಾ ಬಿಟ್ಟು ಏಳಲೇ ಇಲ್ಲವಂತೆ. ಕೊನೆಗೆ ಎದ್ದು ನಿಂತವನು ಇವಳಿಗೆ ಮಾತ್ರ ಕೇಳುವ ಹಾಗೆ, ನಾನು ಇಷ್ಟೇ, ಪರವಾಗಿಲ್ಲವಾ ಎಂದು ಕೇಳಿದನಂತೆ. ಗೊತ್ತು, ನೋಡಿದ್ದೀನಿ ಎಂದು ಇವಳು ಹೇಳಿದಳಂತೆ. ಅವರೆಲ್ಲರ ಮುಂದೆ ಬರುವಾಗ ಭಯವಾಗಲಿಲ್ಲವಾ ಎಂದು ನಾನು ಕೇಳಿದೆ.

"ಇಲ್ಲ ಅಕ್ಕ," ಅಂದಳು. "ಈ ಸಲ ಉಸಿರು ಬಿಗಿ ಹಿಡಿದು, ಹೊಟ್ಟೆ ಒಳಗೆಳ್ಕೊಂಡು ಬರ್ಲಿಲ್ಲ. ನಾನು ಎಷ್ಟಿದ್ದೀನೋ ಅಷ್ಟೂ ನೋಡೇ ಬಂದಿದ್ರಲ್ಲ."