ಮಾಸ್ತರರು ನೋಡಿ ಬರೆದ ಒಂದೇ ಮುಖ

ಗೋಕಾಕದ ಬಸಲಿಂಗ ಮಾಸ್ತರರು ಹೆಂಗಸರ ಚಿತ್ರ ಬರೆಯುವುದರಲ್ಲಿ ಹೆಸರುವಾಸಿ. ಆದರೆ ಬರೆಯುವಾಗ ಒಬ್ಬ ಹೆಂಗಸಿನ ಮುಖವನ್ನೂ ನೋಡಿದವರಲ್ಲ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಪರಪುರುಷನ ಮುಂದೆ ಕೂಡ್ರದ ಕಾಲವದು. ಹೀಗಾಗಿ ಮಾಸ್ತರರು ಪಡಸಾಲೆಯಲ್ಲಿ ಗಂಡನನ್ನು ಕೂಡ್ರಿಸಿಕೊಂಡು, ಅವನು ಹೇಳಿದಂತೆ ಬರೆಯುತ್ತಿದ್ದರು. ಗಂಡಂದಿರಿಗೆ ಗೊತ್ತಿದ್ದರಲ್ಲವೇ ಹೇಳುವುದು! ನಮ್ಮ ಸೋದರತ್ತೆ ನೀಲವ್ವನ ಚಿತ್ರಕ್ಕೆ ಕೂತವನು ಅವಳ ಗಂಡ, ನಮ್ಮ ಮಾವ. ಜೋಳದ ಕಾಳು ಮುಟ್ಟಿಯೇ ಯಾವ ಹೊಲದ್ದೆಂದು ಹೇಳುವ ವ್ಯಾಪಾರಿ, ಹೆಂಡತಿಯ ಮೂಗಿನ ಮಾತು ಬಂದಾಗ ತಡವರಿಸಿದ.

“ಮೂಗೇನ್ರಿ? ಇರೂ ಜಾಗಾದಾಗ ಐತ್ರಿ.”

ಅಂತೂ ಊರ ಗೋಡೆಗಳ ಮೇಲೆಲ್ಲ ಒಂದೇ ಮುಖ. ಬೇರೆ ಬೇರೆ ಅನ್ನಿಸಲು ಒಬ್ಬಳ ಹೆಗಲಿಗೆ ಗಿಳಿ, ಇನ್ನೊಬ್ಬಳ ಹಿಂದೆ ಅರೆ ತೆರೆದ ಬಾಗಿಲು. ನಮ್ಮ ಓಣಿಯ ವಕೀಲರಿಗೆ ಅಷ್ಟೇ ಸಾಕು. “ಗಿಳಿ ಅಂದ್ರ ಜೀವಾತ್ಮ, ಬಾಗಲಾ ಅಂದ್ರ ಮೋಕ್ಷ. ಗೂಢ ಐತಿ, ಗೂಢ!” ಎಂದು ತಲೆದೂಗುತ್ತಿದ್ದರು. ತಾವು ಕಲಿಸುತ್ತಿದ್ದ ಸಾಲೆಗೆ ಹೊಸದಾಗಿ ಸೇರಿದ್ದ ನನ್ನ ಕಿವಿಯಲ್ಲಿ ಮಾತ್ರ ಮಾಸ್ತರರು, “ಮಾರಿ ಗೊತ್ತಿಲ್ಲಂದ್ರ ಗಿಳಿ ತಗೀಬೇಕಪಾ,” ಎನ್ನುತ್ತಿದ್ದರು.

ಅತ್ತೆಯ ಪಾಲಿಗೂ ಗಿಳಿಯೇ ಬಂತು. ನೋಡಿದವಳೇ ಸೆರಗು ಸರಿಸಿ ನೇರ ಪಡಸಾಲೆಗೆ ಬಂದು ಕೂತಳು.

“ಈ ಮನ್ಯಾಗ ದುಡ್ಯಾಕಿ ನಾನು, ಗ್ವಾಡಿ ಮ್ಯಾಲೆ ಯಾವಾಕಿನೋ ಯಾಕ? ನನ್ನ ಮಾರಿ ನೋಡಿ ತಗೀರಿ, ಮಾಸ್ತರ. ನಾ ಸತ್ತ ಮ್ಯಾಲೆ ನನ್ನ ಗುರ್ತರ ಉಳೀಲಿ.”

ಮಾಸ್ತರರು ಹೊಸ ಹಾಳೆ ಹಾಸಿದರು. ಮುಖ ನೋಡಿಯೇ ಬರೆದರು: ಸಿಡುಬಿನ ಕಲೆ, ಮುಂದೆ ಬಂದ ಹಲ್ಲು, ಎಡಕ್ಕೆ ವಾಲಿದ ಮೂಗು. ವಕೀಲರು ಕಲೆಗಳಲ್ಲಿ ನಕ್ಷತ್ರಮಂಡಲ ಕಂಡರು.

“ನಕ್ಷತ್ರ ಅಲ್ರಿ, ಸಣ್ಣಾಕಿದ್ದಾಗ ಮೈಲಿ ಎದ್ದಿತ್ತು,” ಎಂದಳು ಅತ್ತೆ.

ಗೂಢವಿಲ್ಲದ ಚಿತ್ರ ಮಾವನಿಗೆ ಬೇಡವಾಯಿತು. ಗೋಡೆಯ ಮೇಲೆ ಗಿಳಿಯವಳೇ ಉಳಿದಳು. ಅವನ ಮೇಲೆ ನನಗೆ ಬಂದ ಸಿಟ್ಟು ಬಹಳ ದಿನ ಇಳಿಯಲಿಲ್ಲ. ಮಾಸ್ತರರು ಅತ್ತೆಯ ಚಿತ್ರವನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಹೋದರು.

ಕೆಲವು ವರ್ಷಗಳಲ್ಲಿ ಅತ್ತೆ ಜ್ವರ ಬಂದು ತೀರಿಕೊಂಡಳು. ಮಾವ ಗಿಳಿಯ ಚಿತ್ರದ ಮುಂದೆ ಕೂತು ಅಳಲು ನೋಡಿದ, ಅಳು ಬರಲಿಲ್ಲ. “ಆಕಿ ಮಾರಿ ನೆನಪಾಗವಲ್ದು,” ಎಂದು ಚಕ್ಕಡಿ ಕಟ್ಟಿಸಿ, ನನ್ನನ್ನೂ ಕರೆದುಕೊಂಡು ಮೂಡಲಗಿಗೆ ಹೊರಟ. ಕಣ್ಣು ಮಂಜಾಗಿದ್ದ ಮಾಸ್ತರರು ಅಲ್ಲಿ ತಮ್ಮನ ಮನೆ ಸೇರಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅವರು ಒಳಗಿನಿಂದ ಗಂಟು ತಂದರು. ಧೋತರ ಬಿಚ್ಚಿ ಚಿತ್ರವನ್ನು ಮಾವನ ತೊಡೆಯ ಮೇಲಿಟ್ಟರು. ಮಾವ ಬಹಳ ಹೊತ್ತು ನೋಡಿದ. ಆಮೇಲೆ ಬೆರಳು ಮುಂದೆ ಮಾಡಿ ಮೂಗನ್ನು ಮುಟ್ಟಿದ.

“ಮಾಸ್ತರ, ಆಕಿ ಮೂಗು ಹಿಂಗ ಇತ್ತೇನ್ರಿ?”